ಬಿರಡೆ ಇಲ್ಲದ ಡಬ್ಬಿ

ಭಾಯಿಯದು ಭಟ್ಟಿ, ನನ್ನದು ಬ್ಯಾಟರಿ.
ದಾವಣಗೆರೆಯ ಒಂದೇ ಗಲ್ಲಿ, ಎದುರು ಬದುರು.
ಬಿಸಿ ಮರಳಲ್ಲಿ ಉಬ್ಬಿದರೆ ಅವನ ಮಂಡಕ್ಕಿಗೆ ಬೆಲೆ,
ನನ್ನ ಪ್ಲೇಟು ಉಬ್ಬಿದರೆ ಗುಜರಿ.
ಅವನ ಹೊಟ್ಟಿನ ಮಸಿ ನನ್ನ ಟರ್ಮಿನಲ್ಲಿಗೆ,
ನನ್ನ ಆಸಿಡ್ ವಾಸನೆ ಅವನ ಚೀಲಕ್ಕೆ.
ನಲವತ್ತು ವರ್ಷದಿಂದ ಅದೇ ಜಗಳ,
ಒಂದೇ ಚಹಾ, ಎರಡು ಲೋಟ.

ನಿನ್ನೆ ಒಬ್ಬ ಹುಡುಗ ಬಂದ. ಇಸ್ತ್ರಿ ಅಂಗಿ, ಹುಬ್ಬಳ್ಳಿ ಮಾತು.
ಸೋಪಿನ ಪೆಟ್ಟಿಗೆಯಷ್ಟು ಒಂದು ಡಬ್ಬಿ ಟೇಬಲ್ಲಿಗಿಟ್ಟು
'ಚಾಚಾ, ಇದಕ್ಕ ನೀರು ಬ್ಯಾಡ, ಚಾರ್ಜ್ ಬ್ಯಾಡ,
ಐವತ್ತು ವರ್ಷ ಮುಟ್ಟೂದ ಬ್ಯಾಡ' ಅಂದ.
ನಾನು ಮುಟ್ಟಿದೆ.
ತಣ್ಣಗಿತ್ತು. ಅಲುಗಿಸಿದರೆ ಒಳಗೇನೂ ತುಳುಕಲಿಲ್ಲ.
ತುಂಬಿದ ಕೊಡವೋ, ಬರಿಗೊಡವೋ,
ಹೊರಗಿನಿಂದ ಹೇಗೆ ಹೇಳುವುದು?

ನಾನು ಆಯಸ್ಸು ನೋಡುವುದು ಒಂದು ಕಣ್ಣು ಮುಚ್ಚಿ,
ಹೈಡ್ರೋಮೀಟರಿನೊಳಗೆ ಗಾಜಿನ ಮೀನು
ಎಲ್ಲಿಯವರೆಗೆ ತೇಲಿತು ಅಂತ.
ಅಬ್ಬಾನ ಕಾಲಕ್ಕೆ ಅದೂ ಇರಲಿಲ್ಲ:
ರೇಡಿಯೋದ ಸತ್ತ ಸೆಲ್ಲುಗಳು ಹಂಚಿನ ಮೇಲೆ,
ಹಪ್ಪಳದ ಪಕ್ಕ, ಬಿಸಿಲಿಗೆ.
ಮಧ್ಯಾಹ್ನ ಮಗ್ಗುಲು ತಿರುಗಿಸುವುದು ನನ್ನ ಕೆಲಸ.
ಸಂಜೆಗೆ ಇನ್ನೊಂದು ವಾರ್ತೆಯಷ್ಟು ಜೀವ,
ಹವಾಮಾನದ ಹೊತ್ತಿಗೆ ಗೊರ ಗೊರ.

ಹುಡುಗ ಹೇಳುತ್ತಲೇ ಇದ್ದ:
ಇನ್ನು ಮುಂದೆ ಗಾಡಿ ಸವೆಯುತ್ತದೆ, ಡಬ್ಬಿ ಸವೆಯುವುದಿಲ್ಲ.
ಅಜ್ಜಿಯ ಮಿಕ್ಸಿಯಿಂದ ಕಿತ್ತು ಮೊಮ್ಮಗಳ ಸ್ಕೂಟರಿಗೆ,
ಸ್ಕೂಟರ್ ಹಳತಾದರೆ ಅವಳ ಮಗನ ಪಂಪಿಗೆ.
ಆಸ್ತಿ ಪಾಲಿನಲ್ಲಿ ಬರೆಸಬೇಕಾಗುತ್ತದೆ ಚಾಚಾ,
ಮನೆ ಹಿರಿಯನಿಗೆ, ಡಬ್ಬಿ ಕಿರಿಯನಿಗೆ.

ನನಗೆ ನೆನಪಾದದ್ದು ರಾತ್ರಿ ಹತ್ತು ಗಂಟೆ.
ಅಂಗಡಿ ಮುಂದೆ ಆರು ಆಟೋ, ಆರು ವೈರು,
ಗೂಟಕ್ಕೆ ಕಟ್ಟಿದ ಎಮ್ಮೆಗಳ ಹಾಗೆ.
ಎತ್ತಲೂ ಹೋಗಲಾಗದೆ ಮೂರು ತಾಸು ಕೂರುವ ಗಂಡಸರು.
ಚಮನ್‌ಸಾಬನ ತಂಗಿಗೆ ಗಂಡು ಸಿಕ್ಕಿದ್ದು ಅಲ್ಲೇ, ಅರ್ಧ ಚಾರ್ಜಿನಲ್ಲಿ.
ಕೊಟ್ರಪ್ಪ ಬೀಡಿ ಬಿಟ್ಟಿದ್ದೂ ಅಲ್ಲೇ, ಮತ್ತೆ ಹಿಡಿದದ್ದೂ.
'ಫೋನ್ ಆಫ್ ಆಗಿತ್ತು ಕಣೇ' ಎಂಬ ಸುಳ್ಳನ್ನು
ಎಲ್ಲರೂ ಕಲಿತ ಶಾಲೆ ಅದು.
ಆ ಸುಳ್ಳಿಗೂ ಇನ್ನು ವಾರಂಟಿ ಮುಗಿಯಿತು.

ಆಗಲೇ ಶಿವನಾಗಮ್ಮ ಟೀಚರ್ ಬಂದರು
ಇನ್ವರ್ಟರಿಗೆ ಎರಡು ಲೀಟರ್ ನೀರು ಕೇಳಿಕೊಂಡು.
ಎಡ ಹೆಗಲ ಕೆಳಗೆ, ಸೆರಗಿನ ಅಡಿ, ಅವರಿಗೂ ಒಂದು ಬ್ಯಾಟರಿ.
ಹತ್ತು ವರ್ಷದ್ದು, ಒಂಬತ್ತು ಕಳೆದಿದೆ.
ಡಬ್ಬಿಯನ್ನು ಕಿವಿಗೆ ಹಿಡಿದು ಕೇಳಿದರು,
'ಇದನ್ನ ಇಲ್ಲಿ ಹಾಕಬಹುದೇನಪ್ಪಾ?'
ಮುಂದೆ ಬರ್ತದ ಮೇಡಂ, ಒಮ್ಮೆ ಕೊಯ್ಸಿದರ ಮುಗೀತು.
'ನಮ್ಮಲ್ಲಿ ಸುಡಲ್ಲ. ಕೂರಿಸಿ ಹೂಳ್ತಾರೆ.
ವಿಭೂತಿ ಹಚ್ಚಿ, ಮಣ್ಣು ಮುಚ್ಚಿ
ಎಲ್ಲರೂ ಮನೆಗೆ ಹೋಗಿ ಸ್ನಾನ ಮಾಡಿದ ಮೇಲೂ
ಇದು ಬಡೀತಾನೇ ಇರುತ್ತಾ?'

ಹುಡುಗ ಪುಸ್ತಿಕೆ ತಿರುವಿದ. ಹಿಂದಿನ ಪುಟವನ್ನೂ ನೋಡಿದ.

'ಯಾರೂ ಇಲ್ಲದ ಮನೆ ಬಾಗಿಲು ಮೂವತ್ತು ವರ್ಷ ತಟ್ಟೋದು...
ಪಾಪ ಅದಕ್ಕೆ' ಅಂದರು ಟೀಚರ್, ತಮಗಲ್ಲ.
ಕ್ಯಾನು ಎತ್ತಿಕೊಂಡರು. ಚಿಲ್ಲರೆ ಬಿಟ್ಟು ಹೋದರು.

ಡಬ್ಬಿ ಟ್ರಯಲ್ಲಿಗೆ ನನ್ನ ಬಳಿಯೇ ಉಳಿಯಿತು.
ಶಟರ್ ಅರ್ಧ ಎಳೆದು ಒಂದು ಪುಟ್ಟ ಬಲ್ಬು ಸಿಕ್ಕಿಸಿದೆ.
ಹತ್ತಿತು. ನೋಡೋಣ, ನೀನೋ ನಾನೋ.
ಎದ್ದು ನೋಡಿದರೆ ಕೈಯಲ್ಲಿ ಆಲಿಕೆ, ಡಿಸ್ಟಿಲ್ಡ್ ವಾಟರು,
ಹೆಬ್ಬೆರಳು ಡಬ್ಬಿಯ ನಾಲ್ಕೂ ಮಗ್ಗುಲು ತಡವುತ್ತಿದೆ
ಬಿರಡೆ ಎಲ್ಲಿ ಅಂತ.

ಭಾಯಿ ಬಾಗಿಲಲ್ಲಿ ನಿಂತಿದ್ದ, ಲುಂಗಿಯ ತುಂಬ ಮರಳು.
'ರೇಟು ಎಷ್ಟಂತೋ?'
ಅದೊಂದನ್ನು ಕೇಳಿರಲಿಲ್ಲ ನಾನು.